ಮುಂಜಾನೆ ಒಂದೇ ಸೆಲ್ಫ್, ಮಧ್ಯಾಹ್ನ ಬಿಸಿ ಆದಮ್ಯಾಲ ಸ್ಟಾರ್ಟೇ ಇಲ್ಲ (ಹಳೇ ಡೀಸೆಲ್ ಕಾರು)

ಸೇಡಂ_ರೋಡ್ (ಕಲಬುರಗಿ)
ಗಾಡಿ 2005ರ ಮಾಡೆಲ್, 1.4 ಲೀಟರ್ ಡೀಸೆಲ್, ಟರ್ಬೊ ಇಲ್ಲ. ಡೀಸೆಲ್ ಒತ್ತಿ ಕಳಸೋದು ಹಳೇ ನಮೂನಿ ರೋಟರಿ ಪಂಪ್, ಕಂಪ್ಯೂಟರ್ ಹಿಡಿತದ ಕಾಮನ್ ರೇಲ್ ಅಲ್ಲ. ಮುಂಜಾನೆ ಹೀಟರ್ ಲೈಟ್ ಆರಿದ ಕೂಡ್ಲೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತದ. ಮಧ್ಯಾಹ್ನ ಚಿತ್ತಾಪುರ ಕಡೆ ಹೋಗಿಬಂದು ಇಪ್ಪತ್ತು ನಿಮಿಷ ಬಂದ್ ಇಟ್ಟ್ರ ಮುಗೀತು, ಸೆಲ್ಫ್ ತಿರುಗ್ತದ, ಎಂಜಿನ್ ಹಿಡಿಯಂಗಿಲ್ಲ. ತಾಸು ಬಿಟ್ಟು ಹೊಡದ್ರ ಮತ್ತ ಸರಿ. ಬ್ಯಾಟರಿ ಹೊಸದು, ನಾಲ್ಕೂ ಹೀಟರ್ ಪ್ಲಗ್ ಹೊಸವು, ಡೀಸೆಲ್ ಫಿಲ್ಟರ್ ಹೊಸದು. ಎಂಜಿನ್ ಬೋರ್ ಮಾಡ್ಬೇಕು (ಸವೆದ ಸಿಲಿಂಡರ್ ಕೊರೆಸೋದು) ಅಂತಾರ. ಖರೇನ್ರಿ?

ಪಂಪ್_ಬೆಂಚ್
ಬೋರಿಗೆ ಕೈ ಹಾಕಬೇಡಿ. ಸಿಲಿಂಡರ್ ಸವೆದು ಕಂಪ್ರೆಶನ್ (ಒಳಗೆ ಗಾಳಿ ಒತ್ತುವ ಬಲ) ಬಿದ್ದಿದ್ದರೆ ಮೊದಲು ಕಾಡುವುದು ಮುಂಜಾನೆಯ ತಣ್ಣನೆ ಎಂಜಿನ್. ಬಿಳಿ ಹೊಗೆ ಉಗುಳುತ್ತಾ, ನಡುಗುತ್ತಾ ಹಿಡಿಯುತ್ತದೆ. ನಿಮ್ಮದು ಉಲ್ಟಾ. ಹೀಟರ್ ಪ್ಲಗ್ ಕೂಡ ಇಲ್ಲಿ ಲೆಕ್ಕಕ್ಕಿಲ್ಲ, ಬಿಸಿ ಎಂಜಿನ್‌ಗೆ ಅದರ ಅಗತ್ಯವೇ ಇಲ್ಲ.

ನನ್ನ ಅನುಮಾನ ಪಂಪಿನ ಹೆಡ್ ಮತ್ತು ಅದರೊಳಗೆ ಆಡುತ್ತಾ ಡೀಸೆಲ್ ಒತ್ತುವ ಪ್ಲಂಜರ್ ಮೇಲೆ. ಇವೆರಡರ ನಡುವಿನ ಸಂದು ಕೆಲವೇ ಮೈಕ್ರಾನ್. ಸವೆದರೆ ಸಂದು ದೊಡ್ಡದಾಗುತ್ತದೆ. ತಣ್ಣನೆ ಡೀಸೆಲ್ ದಪ್ಪ ಇರುವುದರಿಂದ ಮುಂಜಾನೆ ಹೇಗೋ ತಡೆದುಕೊಳ್ಳುತ್ತದೆ. ಬಿಸಿಲಲ್ಲಿ ಓಡಿಸಿ ನಿಲ್ಲಿಸಿದಾಗ ಎಂಜಿನ್‌ನ ಕಾವು ಪಂಪಿಗೆ ಏರಿ ಡೀಸೆಲ್ ನೀರಿನಂತೆ ತೆಳ್ಳಗಾಗುತ್ತದೆ, ಆ ಸಂದಿಯಲ್ಲೇ ಹಿಂದಕ್ಕೆ ಜಾರುತ್ತದೆ. ಸೆಲ್ಫಿನಲ್ಲಿ ಎಂಜಿನ್ ತಿರುಗುವುದು ನಿಮಿಷಕ್ಕೆ 200 ಸುತ್ತು ಆಸುಪಾಸು, ಪಂಪ್ ಅದರ ಅರ್ಧ. ಒಂದೊಂದು ಒತ್ತೂ ನಿಧಾನ, ಸೋರಲು ಬೇಕಾದಷ್ಟು ಸಮಯ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ತೆರೆಯಲು ಬೇಕಾದ 120–150 ಬಾರ್ ಒತ್ತಡ ಹುಟ್ಟುವುದೇ ಇಲ್ಲ. ಒಮ್ಮೆ ಸ್ಟಾರ್ಟ್ ಆದರೆ ಮಾತ್ರ ಸೋರಲು ಪುರುಸೊತ್ತಿಲ್ಲ, ಅದಕ್ಕೇ ರೋಡಿನಲ್ಲಿ ಎಳೆತ ಸರಿ ಇರುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಸ್ಟಾರ್ಟ್ ಆಗದೆ ನಿಂತಾಗ, ನಾಲ್ಕು ಉಕ್ಕಿನ ಪೈಪು ಹೊರಡುವ ಜಾಗ, ಅಂದರೆ ಪಂಪಿನ ಹೆಡ್ ಮೇಲೆ, ದಪ್ಪ ಬಟ್ಟೆ ಸುತ್ತಿ ಕುಡಿಯುವ ನೀರಿನ ಬಾಟಲಿಯಿಂದ ನಿಧಾನ ಹಾಕಿ. ಆಲ್ಟರ್ನೇಟರ್, ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಬೀಳಬಾರದು. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಹಿಡಿದರೆ ರೋಗ ಅಲ್ಲೇ. ಓಡುತ್ತಿರುವ ಎಂಜಿನ್ ಮೇಲೆ ಮಾತ್ರ ಇದು ಬೇಡ. ಹೆಡ್ ತಟ್ಟನೆ ಕುಗ್ಗಿ ಪ್ಲಂಜರ್ ಜಾಮ್ ಆದರೆ ಇದ್ದ ಪಂಪೂ ಹೋಯಿತು.

ಶಹಾಬಾದ_ವೈರಿಂಗ್
ಪಂಪ್ ಇಳಸೂಕಿಂತ ಮೊದಲ ಕರೆಂಟ್ ನೋಡ್ರಿ, ಬಿಸಿಗೆ ಕೈಕೊಡೋದು ಅದೂ ಅದ.

ಸೆಲ್ಫ್ ಮುಂಜಾನೆ ತಿರುಗಿದಷ್ಟೇ ಜೋರ್ ತಿರುಗ್ತದೇನು? ನಿಧಾನ ಇದ್ರ ಬುಷ್ ಸವೆದು ಆರ್ಮೇಚರ್ ಉಜ್ಲತ್ತಿರಬೇಕು, ಇಲ್ಲಂದ್ರ ಅರ್ಥ್ (ಬ್ಯಾಟರಿ ಮೈನಸ್‌ನಿಂದ ಎಂಜಿನ್‌ಗೆ ಹೋಗೋ ಪಟ್ಟಿ) ಸರಿ ಇಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟ್ ಕೆಳಗ ಇಳೀಬಾರದು. ಆಮ್ಯಾಲ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬಕ್ಕ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೀರಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂತಂದ್ರ ಅರ್ಥ್ ಪಟ್ಟಿ ತೆಗೆದು ಎರಡೂ ಕಡೆ ಉಜ್ಜಿ ಹಾಕ್ರಿ.

ಇನ್ನ ಪಂಪಿನ ಮ್ಯಾಲಿನ ಸ್ಟಾಪ್ ಸೊಲೆನಾಯ್ಡ್, ಅಂದ್ರ ಕರೆಂಟ್ ಇದ್ದಾಗ ಮಾತ್ರ ಡೀಸೆಲ್ ಬಿಡೋ ಕಾಯಿಲ್ ವಾಲ್ವ್. ಚಾವಿ ಆನ್ ಮಾಡಿದ್ರ ಟಕ್ ಅನಬೇಕು. ಕೆಲವು ಚಾವಿ ಸ್ವಿಚ್ ಒಳಗ ಪಾಯಿಂಟ್ ಸುಟ್ಟಿರ್ತದ, ಆನ್‌ನಾಗ ಕರೆಂಟ್ ಬರ್ತದ, ಸೆಲ್ಫ್ ಹೊಡೆದಾಗ ಹೋಗ್ತದ. ಕಾಯಿಲ್ ಬಿಸಿ ಆದಾಗ ಎಳೆತ ಕಡಿಮಿ, ವೋಲ್ಟೇಜೂ ಕಡಿಮಿ ಬಂದ್ರ ಡೀಸೆಲ್ ಬಂದ್. ಸ್ಟಾರ್ಟ್ ಆಗದ ಹೊತ್ತಿನಾಗ ಅದರ ವೈರ್ ಬಿಚ್ಚಿ, ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಹಾಕಿದ ವೈರ್ ನೇರ ಕೊಟ್ಟು ನೋಡ್ರಿ. ಹಿಡೀತಂದ್ರ ಪಂಪ್ ಮುಟ್ಟೋದೇ ಬ್ಯಾಡ.

ತೊಗರಿ_ಕಣಜ
ಟ್ಯಾಂಕಿಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಬೈಕಿಗೆ ಹಾಕೋದು) ಹಾಕಿದ್ರ ಪಂಪ್ ಸರಿ ಆಗ್ತದ ಅಂತಾರಲ್ಲ? ಈಗಿನ ಡೀಸೆಲ್‌ನಾಗ ಜಿಡ್ಡೇ ಇಲ್ಲ ಅಂತ.

ಪಂಪ್_ಬೆಂಚ್
ಸವೆದ ಉಕ್ಕು ಆಯಿಲ್‌ನಿಂದ ಬೆಳೆಯುವುದಿಲ್ಲ. 40 ಲೀಟರಿಗೆ 200 ಮಿಲಿ ಹಾಕಿದರೆ ಡೀಸೆಲ್‌ನ ದಪ್ಪ ಬದಲಾಗುವುದೂ ಇಲ್ಲ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಮ್‌ಗೆ ಇಳಿದಿದೆ ನಿಜ. ಆದರೆ ಜಾರುಗುಣ ಕಾಯುವ ಅಡಿಟಿವ್ ಹಾಕಿಯೇ ಕಳಿಸುತ್ತಾರೆ. ಹಳೇ ಪಂಪನ್ನು ಹೆಚ್ಚಾಗಿ ತಿನ್ನುವುದು ನೀರು ಮತ್ತು ದೂಳು. ಫಿಲ್ಟರ್ ತಳದ ನೀರಿನ ಸ್ಕ್ರೂ ಎಷ್ಟು ಮಂದಿ ಬಿಚ್ಚುತ್ತಾರೆ?

ಬೀದರ್_ಚಳಿ
ಇದೇ ಚರ್ಚೆಗೆ ಬರುವ ಉಳಿದವರಿಗೆ: ಡಿಸೆಂಬರ್ ಮುಂಜಾನೆ ಮಾತ್ರ ಸ್ಟಾರ್ಟ್ ಆಗದಿದ್ದರೆ ಹುಡುಕುವ ಜಾಗ ಬೇರೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ಮೇಲಿನ ಪಟ್ಟಿ ಬಿಚ್ಚಿ ಒಂದೊಂದನ್ನೂ ಮೀಟರಿನಲ್ಲಿ ನೋಡಿ. ಒಳ್ಳೆಯದು 1 ಓಮ್ ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ, ಸತ್ತದ್ದು ಏನೂ ತೋರಿಸದು. ಪ್ಲಗ್ ಸರಿ ಇದ್ದರೆ ರಿಲೇ ಮತ್ತು ಅದರ ದೊಡ್ಡ ಪಟ್ಟಿ ಫ್ಯೂಸ್. ಹೊಗೆಯೇ ಇಲ್ಲದಿದ್ದರೆ ರಾತ್ರಿ ಲೈನಿನಲ್ಲಿ ಏರ್ ಹಿಡಿದಿದೆ: ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಗಟ್ಟಿಯಾಗುವ ತನಕ ಒತ್ತಿ ಸೆಲ್ಫ್ ಹೊಡೆಯಿರಿ. ತಕ್ಷಣ ಹಿಡಿದರೆ ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪ್ ಜಾಗದಲ್ಲಿ ಒಂದು ಪಾರದರ್ಶಕ ಪೈಪ್ ಹಾಕಿ ಗುಳ್ಳೆ ನೋಡಿ.

ಪೆಟ್ರೋಲ್ ಬಟ್ಟೆ, ಸ್ಟಾರ್ಟಿಂಗ್ ಸ್ಪ್ರೇ ಏರ್ ಪೈಪಿಗೆ ಹಿಡಿಯುವ ಚಟ ಬಿಡಿ. ಹೀಟರ್ ಪ್ಲಗ್ ಕೆಂಪಗಿರುವಾಗ ಹೊತ್ತಲ್ಲದ ಹೊತ್ತಿಗೆ ಸಿಡಿದು ಪಿಸ್ಟನ್ ಒಡೆಯುತ್ತದೆ.

ಸೇಡಂ_ರೋಡ್ (ಕಲಬುರಗಿ)
ಸೆಲ್ಫ್ ಜೋರ್ ತಿರುಗ್ತದ, ಅರ್ಥ್ 0.2 ವೋಲ್ಟ್. ಸೊಲೆನಾಯ್ಡಿಗೆ ನೇರ ಕರೆಂಟ್ ಕೊಟ್ರೂ ಹಿಡೀಲಿಲ್ಲ. ಒದ್ದಿ ಬಟ್ಟೆ ಹಾಕಿ ನೀರ್ ಹೊಯ್ದೆ, ಎರಡನೇ ಸೆಲ್ಫಿಗೆ ಸ್ಟಾರ್ಟ್! ಪಂಪ್ ಅಂಗಡ್ಯಾಗ ಏನ್ ಹೇಳಬೇಕು? ಅಲ್ಲೀತನ ಧಕ್ಕಾ ಕೊಟ್ಟು ನಡೆಸಬಹುದೇನ್ರಿ?

ಪಂಪ್_ಬೆಂಚ್
ಧಕ್ಕಾ ಬೇಡ. ಟೈಮಿಂಗ್ ಬೆಲ್ಟ್ ಗಾಡಿ, ಹಳೇ ಬೆಲ್ಟ್ ಹಲ್ಲು ಹಾರಿದರೆ ವಾಲ್ವ್ ಬಾಗುತ್ತವೆ. ನೀರಿನ ಬಾಟಲಿಯೇ ವಾಸಿ.

ಪಂಪ್ ಇಳಿಸುವ ಮೊದಲು ಫ್ಲೇಂಜ್ (ಪಂಪ್ ಎಂಜಿನ್‌ಗೆ ಕೂರುವ ಅಂಚು) ಮೇಲೆ ಗುರುತಿಗೆ ಗೀರು ಹಾಕಿಸಿ. ಪಂಪಿನ ಪ್ಲೇಟ್ ನಂಬರ್ ಫೋಟೊ ತೆಗೆದುಕೊಳ್ಳಿ, ಹೆಡ್ ಸಿಗುವುದು ಆ ನಂಬರಿನ ಮೇಲೆ. ಹೆಡ್ ಮತ್ತು ಪ್ಲಂಜರ್ ಜೋಡಿಯಾಗಿಯೇ ಬರುತ್ತವೆ, ಒಂದು ಹಳೇದು ಒಂದು ಹೊಸದು ಹಾಕಿಸಿಕೊಳ್ಳಬೇಡಿ. ಜೊತೆಗೆ ಸೀಲ್ ಕಿಟ್ ಪೂರಾ. ಪಂಪ್ ಪರೀಕ್ಷಿಸುವ ಬೆಂಚಿನಲ್ಲಿ ಮೇಲಿನ ವೇಗದ ಡೆಲಿವರಿ (ಪಂಪ್ ಕೊಡುವ ಡೀಸೆಲ್ ಅಳತೆ) ಮಾತ್ರ ನೋಡಿ ಬಿಡುವವರಿದ್ದಾರೆ. ನೀವು 100 ಆರ್‌ಪಿಎಮ್‌ನ ಸ್ಟಾರ್ಟಿಂಗ್ ಡೆಲಿವರಿ ತೋರಿಸಿ ಅನ್ನಿ, ನಿಮ್ಮ ರೋಗ ಇರುವುದೇ ಅಲ್ಲಿ. ನಾಲ್ಕು ನಾಜಲ್ ಒತ್ತಡವೂ ಅದೇ ದಿನ ನೋಡಿಸಿ, ತಾಮ್ರದ ವಾಷರ್ ಹೊಸವು ಹಾಕಿಸಿ.

ಹೆಡ್ ಹೊಸದಾದ ಮೇಲೆ ಹಳೇ ಗೀರಿಗೆ ಕೂರಿಸಿದರಷ್ಟೇ ಸಾಲದು. ಡಯಲ್ ಗೇಜ್ ಇಟ್ಟು ಮ್ಯಾನ್ಯುವಲ್ ಅಂಕಿಗೆ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಕೂಡಿಸಬೇಕು. ಏರ್ ತೆಗೆಯುವಾಗ ಎರಡು ನಾಜಲ್ ನಟ್ ಒಂದು ಸುತ್ತು ಸಡಿಲಿಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಸೆಲ್ಫ್ ಒಮ್ಮೆಗೆ 10–15 ಸೆಕೆಂಡ್, ನಡುವೆ ಒಂದು ನಿಮಿಷ ವಿಶ್ರಾಂತಿ.

ಬೆಂಚಿನ ಆಯಿಲ್ ಸಾಮಾನ್ಯವಾಗಿ 40 ಡಿಗ್ರಿ ಆಸುಪಾಸು ಇರುತ್ತದೆ, ನಿಮ್ಮ ಬಾನೆಟ್ ಒಳಗಿನ ಮೇ ತಿಂಗಳ ಕಾವು ಅಲ್ಲಿಲ್ಲ. ಹಾಗಾಗಿ ಗಾಡಿಯನ್ನು ಮುಂಜಾನೆ ಹೊತ್ತು ಬಿಡಿಸಿಕೊಳ್ಳಬೇಡಿ. ಮಧ್ಯಾಹ್ನ ಹೋಗಿ, 30 ಕಿ.ಮೀ. ಓಡಿಸಿ, ಅಂಗಡಿ ಮುಂದೆಯೇ ಇಪ್ಪತ್ತು ನಿಮಿಷ ಬಂದ್ ಇಟ್ಟು ಸೆಲ್ಫ್ ಹೊಡೆಯಿರಿ. ಹಿಡಿದ ಮೇಲೆ ಬಾಕಿ ದುಡ್ಡು ಕೊಡಿ.