ಕೈಯಲ್ಲಿ ಬಣ್ಣ ತುಂಬಿದ ಊರಿನ ಚಿತ್ರ: ‘ಕೆತ್ತನೆ’ಯೋ, ‘ಅಚ್ಚೋ’?

ಗೆಳೆಯರೇ,

ಸ್ಕಾಟ್ಲೆಂಡಿನ ಊರುಗಳ ಹಳೇ ಪ್ರಿಂಟುಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ಮೊದಲ ಚಿತ್ರದಲ್ಲೇ ಸಿಕ್ಕಿಬಿದ್ದೆ. ಮಲ್ ದ್ವೀಪದ ಟೋಬರ್ಮೊರಿ ಅದು. ಮೀನುಗಾರಿಕೆಗೆಂದೇ 1788ರಲ್ಲಿ ಕಟ್ಟಲು ಶುರುಮಾಡಿದ ಊರು. ಚಿತ್ರ ವಿಲಿಯಂ ಡೇನಿಯಲ್‌ನದು. ಬ್ರಿಟನ್ನಿನ ಕರಾವಳಿ ಸುತ್ತಿ ಅವನು ಮಾಡಿದ 308 ಚಿತ್ರಗಳು 1814ರಿಂದ 1825ರೊಳಗೆ ಎಂಟು ಸಂಪುಟಗಳಲ್ಲಿ ಬಂದವು.

ಇದನ್ನು ‘ಕೆತ್ತನೆ’ ಅಂದರೆ ನಮ್ಮವರಿಗೆ ಬೇಲೂರು ನೆನಪಾಗುತ್ತದೆ. ‘ವರ್ಣಚಿತ್ರ’ ಅಂದರೆ ಇರುವುದು ಒಂದೇ ಪ್ರತಿ ಅಂದುಕೊಳ್ಳುತ್ತಾರೆ. ಎರಡೂ ತಪ್ಪು. ಇದರಲ್ಲಿ ಗೆರೆ, ನೆರಳು ಅಚ್ಚಿನದು, ಬಣ್ಣ ಕೈಯದು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಸಿಡ್‌ಗೆ ಒಡ್ಡುತ್ತಿದ್ದರು. ರಾಳದ ಕಾಳುಗಳ ಸಂದಿನಲ್ಲಿ ತಾಮ್ರ ಸವೆದು ಸಣ್ಣ ಗುಳಿ ಬೀಳುತ್ತಿತ್ತು. ಇಂಕು ನಿಲ್ಲುತ್ತಿದ್ದದ್ದು ಅಲ್ಲೇ. ಅಚ್ಚಾದ ಮೇಲೆ ಒಂದೊಂದು ಹಾಳೆಗೂ ಕುಂಚದಲ್ಲಿ ಜಲವರ್ಣ. ಭೂತಗನ್ನಡಿ ಹಿಡಿದು ನೋಡಿದೆ: ಆಕಾಶದ ತುಂಬ ಚಿರೋಟಿ ರವೆ ಚೆಲ್ಲಿದ ಹಾಗಿದೆ. ಒಂದು ಕಡೆ ನೀಲಿ, ಗುಡ್ಡದ ಅಂಚು ದಾಟಿ ಒಂದು ಕೂದಲೆಳೆಯಷ್ಟು ಹರಿದಿದೆ. ಬಣ್ಣ ಹಾಕಿದವರ ಕೈ ಅಲ್ಲಿ ಕಾಣುತ್ತದೆ, ಅಲ್ವಾ?

‘ಹಸ್ತವರ್ಣಿತ’ ನನಗೆ ಒಗ್ಗುವುದಿಲ್ಲ. ಸರ್ಕಾರಿ ಸುತ್ತೋಲೆಯ ವಾಸನೆ. ಒಂದು ಊರನ್ನೋ ಜಾಗವನ್ನೋ ಇದ್ದಂತೆ ತೋರಿಸುವ ಇಂಥ ಚಿತ್ರಕ್ಕೆ ಇಂಗ್ಲಿಷಿನಲ್ಲಿ ‘ಟೊಪೊಗ್ರಾಫಿಕಲ್’ ಅನ್ನುತ್ತಾರೆ; ಅದಕ್ಕೆ ಭೂಗೋಳದ ‘ಸ್ಥಳಾಕೃತಿ’ ತಂದರೆ ಓದುಗರು ಸುಮ್ನೆ ನಕ್ಷೆ ಹುಡುಕುತ್ತಾರೆ. ಜಾನ್ ಸ್ಲೇಜರ್ 1693ರಲ್ಲಿ ಸ್ಕಾಟ್ಲೆಂಡಿನ ಊರು, ಕೋಟೆಗಳ ಚಿತ್ರಸಂಪುಟ ತಂದಾಗ ಅಡಿಬರಹಗಳಲ್ಲಿ ‘ಪ್ರಾಸ್ಪೆಕ್ಟ್’ ಎಂದು ಬಳಸಿದ. ದೂರದಲ್ಲಿ ನಿಂತು ಇಡೀ ಊರನ್ನು ಕಾಣುವುದು. ಅದಕ್ಕೆ ‘ಊರುನೋಟ’ ಸಾಕು ಅನ್ನಿಸುತ್ತದೆ.

ಹಾಗಾಗಿ ಸದ್ಯಕ್ಕೆ ಬರೆದುಕೊಂಡಿರುವುದು: ‘ಟೋಬರ್ಮೊರಿ ಊರುನೋಟ. ತಾಮ್ರದಚ್ಚು, ಕೈಬಣ್ಣ.’ ‘ಕೈಬಣ್ಣ’ ಸ್ವಲ್ಪ ಮೆಹಂದಿ ಥರ ಕೇಳಿಸುತ್ತದೆ, ಗೊತ್ತು.

ನಮಗೆ ಈ ಪದದ ಅಗತ್ಯ ಜಾಸ್ತಿಯೇ ಇದೆ. ಇದೇ ಡೇನಿಯಲ್, ಚಿಕ್ಕ ವಯಸ್ಸಿನಲ್ಲಿ ದೊಡ್ಡಪ್ಪನೋ ಚಿಕ್ಕಪ್ಪನೋ ಆದ ಥಾಮಸ್ ಜೊತೆ 1792ರಲ್ಲಿ ಬೆಂಗಳೂರಿಗೂ ಬಂದಿದ್ದ. (ಇಂಗ್ಲಿಷಿನ ‘ಅಂಕಲ್’ ಬೇರೆಯೇ ಪದಚರ್ಚೆ ಬಿಡಿ.) ಅವರಿಬ್ಬರ ಭಾರತದ 144 ಚಿತ್ರಗಳೂ ಇದೇ ಬಗೆಯವು.

ಕಲ್ಲಿನಿಂದ ಅಚ್ಚು ತೆಗೆಯುವ ಲಿಥೋಗೆ ನಮ್ಮಲ್ಲಿ ‘ಕಲ್ಲಚ್ಚು’ ಎಂಬ ಚೆಂದದ ಮಾತಿದೆ. ತಾಮ್ರದ ತಗಡಿನ ಅಚ್ಚಿಗೆ ನಿಮ್ಮ ಕಡೆ ಅಚ್ಚುಕೂಟದ ಹಳಬರು ಏನನ್ನುತ್ತಿದ್ದರು? ‘ಕೈಬಣ್ಣ’ಕ್ಕಿಂತ ಒಳ್ಳೆಯದು ಹೊಳೆದರೆ ಅದನ್ನೂ ಬರೆಯಿರಿ.