ಬೋರ್ಡ್ ಔಟ್ ಆದ ಮೇಲೆ ಯಾವ ಕೆಲಸ ಕಲಿಯಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನ ತಮ್ಮ ಆರ್ಮಿಯಲ್ಲಿ ಡ್ರೈವರ್. ಡ್ಯೂಟಿಯಲ್ಲಿದ್ದಾಗ ಗಾಡಿ ಉರುಳಿ ಎಡಗಾಲು ಮಂಡಿಯ ಕೆಳಗೆ ಹೋಯಿತು. ಓದಿದ್ದು ಎಸ್ಸೆಸ್ಸೆಲ್ಸಿ, ಸರ್ವಿಸ್ 11 ವರ್ಷ. ಈಗ ಪುಣೆಯ ಆಸ್ಪತ್ರೆಯಲ್ಲಿದ್ದಾನೆ, ಬೋರ್ಡ್ ಔಟ್, ಅಂದರೆ ವೈದ್ಯಕೀಯ ಕಾರಣಕ್ಕೆ ಸೇನೆಯಿಂದ ಬಿಡುಗಡೆ, ಖಚಿತ ಅಂತಿದ್ದಾರೆ. ನಮ್ಮೂರು ಹಾವೇರಿ ಹತ್ತಿರ. ಮುಂದೆ ಏನು ಕಲಿಸಿದರೆ ಒಳ್ಳೆಯದು?

ಬೆಳಗಾವಿಯ ಮಾಜಿ ಹವಾಲ್ದಾರ್:
ಅಕ್ಕಾ, ತಮ್ಮ ಪುಣೆಯಲ್ಲೇ ಇರುವುದು ಒಳ್ಳೆಯದೇ ಆಯಿತು. ಅಲ್ಲೇ ಖಡಕಿಯಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದ ಸಿಪಾಯಿಗಳಿಗೆ ಕೆಲಸ ಕಲಿಸಲು 1917ರಲ್ಲಿ ಶುರುವಾದದ್ದು, ಇವತ್ತಿಗೂ ನಮ್ಮಂಥವರಿಗೇ ಇರುವ ಜಾಗ. ಸೇನೆಯ ಕೃತಕ ಕಾಲಿನ ಕೇಂದ್ರವೂ ಪುಣೆಯಲ್ಲೇ ಇದೆ, 1944ರಿಂದ. ಊರಿಗೆ ಬಂದ ಮೇಲೆ ನೋಡೋಣ ಅಂತ ಬಿಡಬೇಡಿ. ಸಮವಸ್ತ್ರದಲ್ಲಿ ಇರುವಾಗಲೇ ಯೂನಿಟ್‌ನವರ ಹತ್ತಿರ, ಸರ್ವಿಸ್ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಹತ್ತಿರ ತರಬೇತಿ ಬಗ್ಗೆ ಕೇಳಲಿ. ಸೇನೆ ಬಿಡುವವರಿಗೆ ಹೊಸ ಕೆಲಸದ ತರಬೇತಿ ಕೊಡಿಸುವ ದೆಹಲಿಯ ಪುನರ್ವಸತಿ ಮಹಾನಿರ್ದೇಶನಾಲಯದ (ಡಿಜಿಆರ್) ಕೋರ್ಸ್‌ಗಳ ಪಟ್ಟಿಯನ್ನೂ ತರಿಸಿಕೊಳ್ಳಲಿ. ಮನೆಗೆ ಬಂದು ಹಾಸಿಗೆ ಹಿಡಿದು ಕೂತರೆ ಮತ್ತೆ ಏಳುವುದಕ್ಕೆ ಮನಸ್ಸೇ ಬರುವುದಿಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು. ಕೆಲಸಕ್ಕೆ ಸೇರಿದರೆ ಅಂಗವೈಕಲ್ಯದ ಪಿಂಚಣಿ ನಿಲ್ಲುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಖಾಸಗಿ ಕೆಲಸ ಮಾಡಿದರೆ ಆ ಪಿಂಚಣಿ ಎಲ್ಲೂ ಹೋಗುವುದಿಲ್ಲ.

ಕೊಡಗಿನಿಂದ, ಮಾಜಿ ಸೈನಿಕರೊಬ್ಬರ ಹೆಂಡತಿ:
ನಮ್ಮ ಯಜಮಾನರದ್ದೂ ಮಂಡಿ ಕೆಳಗಿನದೇ, ಬಲಗಾಲು. ಕೋರ್ಸ್ ಹೆಸರು ನೋಡಿ ಆರಿಸಬೇಡಿ, ದಿನವಿಡೀ ಆ ಕೆಲಸ ಮಾಡುವಾಗ ಕಾಲಿಗೆ ಏನಾಗುತ್ತದೆ ಅಂತ ನೋಡಿ ಆರಿಸಿ. ಬೆಳಿಗ್ಗೆ ಸರಿಯಾಗಿ ಕೂತ ಸಾಕೆಟ್ (ಕೃತಕ ಕಾಲಿನಲ್ಲಿ ನಮ್ಮ ಕಾಲು ಕೂರುವ ಬಟ್ಟಲಿನಂಥ ಭಾಗ) ಸಂಜೆ ಹೊತ್ತಿಗೆ ಸಡಿಲ ಆಗುತ್ತದೆ. ಮಂಡಿ ಕೆಳಗೆ ಉಳಿದ ಕಾಲಿನ ತುಂಡು ದಿನ ಕಳೆದಂತೆ ಸ್ವಲ್ಪ ಸೊರಗುತ್ತದೆ, ಆಗ ಒಂದು ಸಾಕ್ಸ್ ಜಾಸ್ತಿ ಹಾಕಿಕೊಳ್ಳಬೇಕು. ಬೇಸಿಗೆಯಲ್ಲಿ ಬೆವರಿ ಉಜ್ಜಿ ಗಾಯ ಆದರೆ ಕೃತಕ ಕಾಲು ಬಿಚ್ಚಿಟ್ಟು ಮನೆಯಲ್ಲೇ ಇರಬೇಕು. ಇವರಿಗೆ ಮೊದಲು ನಿಂತೇ ಮಾಡುವ ವರ್ಕ್‌ಶಾಪ್ ಕೆಲಸ ಸಿಕ್ಕಿತ್ತು, ಆಗಲಿಲ್ಲ. ಆಮೇಲೆ ಕಂಪ್ಯೂಟರ್ ಕಲಿತು ಲೆಕ್ಕ ಬರೆಯುವ ಕೆಲಸಕ್ಕೆ ಹೋದರು, ಈಗ ನೆಮ್ಮದಿಯಾಗಿದ್ದಾರೆ.

ಹಾಸನದ ಮಾಜಿ ನಾಯಕ್, ಈಗ ಬ್ಯಾಂಕ್ ನೌಕರ:
ಕಾಗದಪತ್ರದ ಮಾತು ಹೇಳುತ್ತೇನೆ. ಸೇನೆಯ ಮೆಡಿಕಲ್ ಬೋರ್ಡ್ ಕೊಟ್ಟ ಅಂಗವೈಕಲ್ಯದ ಶೇಕಡಾ ಬೇರೆ, ಜಿಲ್ಲಾಸ್ಪತ್ರೆ ಮೂಲಕ ಸಿಗುವ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇರೆ. ಎರಡೂ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಉದ್ಯೋಗ ಮೀಸಲಾತಿಗೆ ಅಂಗವೈಕಲ್ಯ ಕನಿಷ್ಠ 40% ಇರಬೇಕು, ಅದಕ್ಕೆ ಸೇನೆಯ ಕಾಗದ ತೋರಿಸಿದರೆ ಸಾಲದು. ಊರಿಗೆ ಬಂದ ಕೂಡಲೇ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ.

ಸರ್ಕಾರಿ ಬ್ಯಾಂಕು, ಕೇಂದ್ರದ ಉದ್ದಿಮೆಗಳಲ್ಲಿ ಗ್ರೂಪ್ ಸಿ (ಗುಮಾಸ್ತರಂಥ ಮಟ್ಟದ) ಹುದ್ದೆಗಳಿಗೆ ಮಾಜಿ ಸೈನಿಕರ ಪಾಲು 14.5%. ಅದರಲ್ಲಿ 4.5% ಅಂಗವಿಕಲ ಮಾಜಿ ಸೈನಿಕರಿಗೆ ಮತ್ತು ಹುತಾತ್ಮರ ಮನೆಯವರಿಗೆ. ಆದರೆ ಒಂದು ತೊಡಕು. ಎಸ್ಸೆಸ್ಸೆಲ್ಸಿ ಓದಿ 15 ವರ್ಷ ಸರ್ವಿಸ್ ಮಾಡಿದವರನ್ನು ಕೇಂದ್ರದ ಗ್ರೂಪ್ ಸಿ ಹುದ್ದೆಗೆ ಪದವೀಧರರ ಸಮಕ್ಕೆ ನೋಡುತ್ತಾರೆ, ನಿಮ್ಮ ತಮ್ಮನದು 11 ವರ್ಷವಷ್ಟೇ. ಕಾಲು ಹೋದದ್ದಕ್ಕೇ ಸರ್ವಿಸ್ ಅರ್ಧಕ್ಕೆ ನಿಂತಿದ್ದು, ಅದೇ ಕಾರಣಕ್ಕೆ ಈ ಸೌಲಭ್ಯವೂ ತಪ್ಪುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಹಾಗಾಗಿ ತರಬೇತಿ ಜೊತೆಗೇ ಪಿಯುಸಿ ಮುಗಿಸಿ, ಮುಕ್ತ ವಿವಿಯಲ್ಲಿ ಡಿಗ್ರಿಗೆ ಸೇರಲಿ. ವಯಸ್ಸಿದೆ, ಮಾಡಬಹುದು.

ಬೆಳಗಾವಿಯ ಮಾಜಿ ಹವಾಲ್ದಾರ್:
ಒಂದು ಬಿಟ್ಟುಹೋಯಿತು. ಅವನು ಡ್ರೈವರ್, ಹೋಗಿದ್ದು ಎಡಗಾಲು, ಅಂದರೆ ಕ್ಲಚ್ ಒತ್ತುವ ಕಾಲು ಅಲ್ವಾ? ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಗಾಡಿಗೆ ವೈದ್ಯರ ಪ್ರಮಾಣಪತ್ರದ ಜೊತೆ ಆರ್‌ಟಿಒದಲ್ಲಿ ವಿಚಾರಿಸಿ. ಗಾಡಿಗಳ ಬಗ್ಗೆ ಅಷ್ಟು ವರ್ಷ ಕಲಿತದ್ದನ್ನು ಸುಮ್ನೆ ಬಿಟ್ಟು ಹೊಸದಾಗಿ ಶುರು ಮಾಡಬೇಕಿಲ್ಲ. ಸಾರಿಗೆ ಕಂಪನಿಯಲ್ಲಿ ಗಾಡಿ ಕಳಿಸುವ ಲೆಕ್ಕ, ಬಿಡಿಭಾಗಗಳ ಸ್ಟೋರ್ಸ್, ಡ್ರೈವಿಂಗ್ ಶಾಲೆ, ಇವಕ್ಕೆಲ್ಲ ಅವನ ಅನುಭವ ಬೇಕೇ ಬೇಕು. ಮೊದಲು ಅವನನ್ನೇ ಕೇಳಿ, ಅಕ್ಕಾ, ಏನು ಮಾಡೋಕೆ ಇಷ್ಟ ಅಂತ. ಕೋರ್ಸ್ ಆಮೇಲೆ ನೋಡೋಣ.