‘ರಿಲಿಜಿಯಸ್ ಕೋಪಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ಮೊರೆ, ಮುನಿಸು, ಸವೆತ

ಎಲ್ಲರಿಗೂ ನಮಸ್ಕಾರ,

ಅಮೆರಿಕದಲ್ಲಿ ನಡೆಯುತ್ತಿರುವ ಒಂದು ಬಗೆಯ ಸಂಶೋಧನೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಷ್ಟ ಬಂದಾಗ ದೇವರನ್ನು ನೆಚ್ಚಿಕೊಂಡವರ ಮೈಗೆ ಮುಪ್ಪು ನಿಧಾನವಾಗಿ ಬರುತ್ತದೆಯೇ? ಕಪ್ಪು ಜನರಲ್ಲೂ ಬಿಳಿಯರಲ್ಲೂ, ಹೆಂಗಸರಲ್ಲೂ ಗಂಡಸರಲ್ಲೂ ಅದು ಒಂದೇ ಥರವೇ? ವಿಷಯ ಅರ್ಥವಾಗಿದೆ, ಪದಗಳು ಕೈಗೆ ಸಿಗುತ್ತಿಲ್ಲ.

ಹೀಗೆ ದೇವರನ್ನು ನೆಚ್ಚಿ ಕಷ್ಟ ಎದುರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರಿಲಿಜಿಯಸ್ ಕೋಪಿಂಗ್’ ಅನ್ನುತ್ತಾರೆ. ಅದಕ್ಕೆ ‘ಧಾರ್ಮಿಕ ನಿರ್ವಹಣೆ’ ಅಂತ ಬರೆದು ನಮ್ಮ ಅತ್ತೆಗೆ ಓದಿ ಹೇಳಿದೆ. ಬತ್ತಿ ಹೊಸೆಯುತ್ತಾ ಕೂತಿದ್ದರು. “ದೇವಸ್ಥಾನದ ಕಮಿಟಿ ವಿಷಯಾನಾ?” ಅಂದರು. ಸರಿಯಾಗೇ ಕೇಳಿದರು. ನಿರ್ವಹಣೆ ಅಂದರೆ ನಮಗೆ ನೆನಪಾಗೋದು ರಸ್ತೆ, ಕಟ್ಟಡ, ಲೆಕ್ಕಪತ್ರ. ಹಾಗಾದರೆ ಕಷ್ಟ ಬಂದಾಗ ನೀವೇನು ಮಾಡ್ತೀರಿ ಅಂತ ಕೇಳಿದೆ. ಕೈಯಲ್ಲಿದ್ದ ಬತ್ತಿಯನ್ನು ತಟ್ಟೆಗೆ ಹಾಕಿ, “ಇನ್ನೇನು, ದೇವರ ಮೇಲೆ ಭಾರ ಹಾಕಿ ನಮ್ಮ ಕೆಲಸ ನಾವು ಮಾಡೋದು” ಅಂದರು.

‘ಭಾರ ಹಾಕುವುದು’ ಒಳ್ಳೆಯ ಮಾತು. ಆದರೆ ಅಷ್ಟೇ ಇಟ್ಟುಕೊಂಡರೆ ಅತ್ತೆಯ ಮಾತಿನ ಅರ್ಧ ಬಿಟ್ಟುಹೋಗುತ್ತದೆ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಯವರು 1988ರಲ್ಲಿ ಮೂರು ಬಗೆ ಗುರುತಿಸಿದ್ದರು: ಎಲ್ಲವನ್ನೂ ದೇವರಿಗೇ ಬಿಡುವುದು, ದೇವರ ಜೊತೆಗೂಡಿ ದಾರಿ ಹುಡುಕುವುದು, ದೇವರು ಬುದ್ಧಿ ಕೊಟ್ಟಿದ್ದಾನೆ ನಾನೇ ನೋಡಿಕೊಳ್ಳುತ್ತೇನೆ ಅನ್ನುವುದು. ಬರೀ ಭಾರ ಹಾಕುವುದು ಮೊದಲನೆಯದು. ಅತ್ತೆ ಹೇಳಿದ್ದು ಎರಡನೆಯದು. ಅದಕ್ಕೇ ‘ದೇವರ ಮೊರೆ ಹೋಗುವುದು’ ವಾಸಿ ಅನ್ನಿಸುತ್ತಿದೆ. ಮೊರೆ ಹೋದವರು ಸುಮ್ನೆ ಕೂತಿರಬೇಕು ಅಂತೇನೂ ಇಲ್ಲ, ಅಲ್ವಾ?

ಇನ್ನೊಂದು ತೊಡಕಿದೆ. ಜನ ಕಷ್ಟದಲ್ಲಿ ದೇವರನ್ನು ಹೇಗೆ ನೆಚ್ಚುತ್ತಾರೆ ಅಂತ ಅಳೆಯುವ ಪಾರ್ಗಮೆಂಟರ ಚಿಕ್ಕ ಪ್ರಶ್ನಾವಳಿಯಲ್ಲಿ 14 ಸಾಲುಗಳಿವೆ. ಏಳು ಮಾತ್ರ ಧೈರ್ಯ ಕೊಡುವಂಥವು. ಉಳಿದ ಏಳರಲ್ಲಿ ದೇವರು ಕೈಬಿಟ್ಟನೇ, ನನಗೇಕೆ ಈ ಶಿಕ್ಷೆ ಅನ್ನುವ ನೋವಿದೆ. ಇವನ್ನು ‘ನಕಾರಾತ್ಮಕ’ ಅಂದುಬಿಟ್ಟರೆ ನೋವೇ ಕಾಣದೆ ಹೋಗುತ್ತದೆ. ನನಗೆ ಹೊಳೆದ ಪದ ‘ಮುನಿಸು’. ಅದು ಎರಡೂ ಕಡೆಗೆ ಹೋಗುತ್ತದೆ. ‘ಹರ ಮುನಿದರೆ ಗುರು ಕಾಯುವನು’ ಅನ್ನುತ್ತೇವೆ, ಅಲ್ಲಿ ಮುನಿಯುವವನು ದೇವರು. ಭಕ್ತರೂ ದೇವರ ಮೇಲೆ ಮುನಿಯುತ್ತಾರೆ. ಮುನಿಸು ಹತ್ತಿರದವರ ಮೇಲೆ ಮಾತ್ರ ಬರುವಂಥದ್ದು. ಸಂಬಂಧವೇ ಕಡಿದುಹೋದರೆ ಅದಕ್ಕೆ ಮುನಿಸು ಅನ್ನಲ್ಲ. ಆ ಏಳು ಸಾಲುಗಳನ್ನು ಓದುವಾಗ ನನಗೆ ಕೇಳಿಸಿದ್ದೂ ಇದೇ ದನಿ.

‘ಬಯೊಲಾಜಿಕಲ್ ಏಜ್’ಗೆ ‘ಮೈವಯಸ್ಸು’ ಸಾಕು ಅನ್ನಿಸುತ್ತದೆ. 2013ರಲ್ಲಿ ಸಂಶೋಧಕ ಸ್ಟೀವ್ ಹೊರ್ವತ್ ಡಿಎನ್‌ಎಯ 353 ತಾಣಗಳ ರಾಸಾಯನಿಕ ಗುರುತು ನೋಡಿ ವಯಸ್ಸು ಅಂದಾಜು ಮಾಡುವ ಲೆಕ್ಕದ ವಿಧಾನ ಕಟ್ಟಿದರು, ಅದಕ್ಕೆ ‘ಗಡಿಯಾರ’ ಅನ್ನುತ್ತಾರೆ. ಹುಟ್ಟಿದ ತಾರೀಖಿನ ಲೆಕ್ಕ ಒಂದು, ಮೈ ಹೇಳುವ ಲೆಕ್ಕ ಇನ್ನೊಂದು.

ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಶೋಧಕಿ ಆರ್ಲೀನ್ ಜೆರೊನಿಮಸ್ 1992ರಲ್ಲಿ ಮುಂದಿಟ್ಟ ‘ವೆದರಿಂಗ್’ ಅನ್ನುವ ಮಾತು ನನ್ನನ್ನು ಜಾಸ್ತಿ ಕಾಡಿತು. ಭೇದಭಾವ, ಬಡತನ ತಡೆದುಕೊಂಡೇ ಬದುಕಿದ ಕಪ್ಪು ಹೆಂಗಸರ ಮೈ ಬೇಗ ಹಣ್ಣಾಗುತ್ತದೆ ಅನ್ನುವುದು ಅವರ ವಾದ. ನಮ್ಮ ಭೂಗೋಳದ ಪಾಠದಲ್ಲಿ ಇದೇ ಪದಕ್ಕೆ ‘ಶಿಥಿಲೀಕರಣ’ ಅಂತಿದೆ. ಬಂಡೆಗೆ ಸರಿ, ಮನುಷ್ಯರಿಗೆ ಬೇಡ. ‘ಮಕ್ಕಳಿಗಾಗಿ ಜೀವ ಸವೆಸಿದಳು’ ಅನ್ನುವ ಮಾತು ಇದ್ದೇ ಇದೆಯಲ್ಲ, ‘ಮೈಸವೆತ’ ಅನ್ನಬಹುದಾ? ಒಂದೇ ಅಳುಕು. ಜೀವ ಸವೆಸುವುದರಲ್ಲಿ ತ್ಯಾಗದ ಹೊಗಳಿಕೆ ಸೇರಿಕೊಂಡಿದೆ. ಜೆರೊನಿಮಸ್ ಹೇಳಿದ್ದು ತ್ಯಾಗವಲ್ಲ, ಅನ್ಯಾಯ.

‘ರೇಸ್’ಗೆ ‘ಜನಾಂಗ’ ಅಂದರೆ ನಮ್ಮಲ್ಲಿ ಜಾತಿ ಅಂತಲೂ ಓದಿಕೊಳ್ಳುತ್ತಾರೆ. ‘ವರ್ಣ’ ಅಂದರೂ ಅದೇ ಗೋಳು. ಸದ್ಯಕ್ಕೆ ‘ಕಪ್ಪು ಜನ, ಬಿಳಿಯರು’ ಅಂತಲೇ ಬಿಡಿಸಿ ಬರೆಯುತ್ತಿದ್ದೇನೆ. ‘ಲಿಂಗ’ದ ಬದಲು ‘ಹೆಣ್ಣು ಗಂಡು’.

ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ: ಕಷ್ಟದಲ್ಲಿ ದೇವರ ಮೇಲೆ ಸಿಟ್ಟು ಮಾಡಿಕೊಂಡೂ ಅವನನ್ನು ಬಿಡದೆ ಇರುವುದಕ್ಕೆ ನಿಮ್ಮ ಮನೆಗಳಲ್ಲಿ ಏನನ್ನುತ್ತಾರೆ?